ಉದಾರತೆ ಮತ್ತು ಹಕ್ಕು: ಖ್ಯಾತನಾಮರ ಸತ್ಕಾರ್ಯವನ್ನು ಅಳೆಯುವ ಬಗೆ

ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ, ನೌಕರ ಸಲಿಂಗಿ ಎಂಬ ಒಂದೇ ಕಾರಣಕ್ಕೆ ಅವನನ್ನು ಮನೆಗೆ ಕಳಿಸುವ ಖಾಸಗಿ ಮಾಲೀಕನನ್ನು ತಡೆಯುವ ಸ್ಪಷ್ಟ ರಾಜ್ಯ ಕಾನೂನು 2020ರಲ್ಲೂ ಇರಲಿಲ್ಲ. ಅದೇ ದೇಶದಲ್ಲಿ, ಅದೇ ವರ್ಷಗಳಲ್ಲಿ, ಗಾಯಕರು, ನಟನಟಿಯರು, ಆಟಗಾರರು, ದೊಡ್ಡ ಕಂಪನಿಗಳ ಮುಖ್ಯಸ್ಥರು ಎಲ್‌ಜಿಬಿಟಿಕ್ಯೂ ಸಮುದಾಯದ ಪರವಾಗಿ ಹಣ ಕೊಟ್ಟರು, ಸಹಿ ಸಂಗ್ರಹಿಸಿದರು, ಕಾರ್ಯಕ್ರಮ ರದ್ದು ಮಾಡಿದರು, ಪತ್ರಿಕೆಗಳಿಗೆ ಬರೆದರು. ಈ ಎರಡು ಸಂಗತಿಗಳು ಜೊತೆಜೊತೆಗೇ ಇದ್ದುದರಿಂದ ನೀತಿಶಾಸ್ತ್ರದ ಒಂದು ಹಳೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಹೆಸರುವಾಸಿಯಾದವರು ಮಾಡುವ ಒಳ್ಳೆಯ ಕೆಲಸವನ್ನು ಯಾವುದರಿಂದ ಅಳೆಯಬೇಕು? ಅವರ ಮನಸ್ಸಿನಲ್ಲಿದ್ದ ಉದ್ದೇಶದಿಂದಲೋ, ಅವರು ಕಳೆದುಕೊಂಡದ್ದರಿಂದಲೋ, ನೊಂದವರಿಗೆ ಕೊನೆಗೆ ದಕ್ಕಿದ್ದರಿಂದಲೋ? ಅದಕ್ಕೂ ಆಳದಲ್ಲಿ ಇನ್ನೊಂದು ಪ್ರಶ್ನೆಯಿದೆ: ದುಡಿದು ಬದುಕುವ ಅವಕಾಶ ಯಾರಾದರೂ ಉದಾರವಾಗಿ ಕೊಡಬಹುದಾದ ವಸ್ತುವೇ?

ಮೊದಲ ಪ್ರಶ್ನೆಗೆ ಧರ್ಮಗ್ರಂಥಗಳ ಉತ್ತರ ಹೆಚ್ಚುಕಡಿಮೆ ಒಂದೇ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಮೂರಾಗಿ ವಿಂಗಡಿಸುತ್ತದೆ. ಕೊಡುವುದು ಕರ್ತವ್ಯವೆಂದು ತಿಳಿದು, ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ. ಪ್ರತ್ಯುಪಕಾರದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಪಡೆಯುವವನನ್ನು ಕೀಳಾಗಿ ಕಂಡು ಕೊಟ್ಟದ್ದು ತಾಮಸ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಗುಟ್ಟಾಗಿ ದಾನ ಮಾಡಬೇಕೆನ್ನುತ್ತಾನೆ. ಜನ ನೋಡಲೆಂದು ಕೊಟ್ಟವರಿಗೆ ಸಿಗುವ ಫಲ ಜನರ ಹೊಗಳಿಕೆಯೊಂದೇ. ಹದಿನೆಂಟನೆಯ ಶತಮಾನದ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಇದನ್ನೇ ಅಂಗಡಿಯ ಉದಾಹರಣೆಯಲ್ಲಿ ವಿವರಿಸಿದ. ಮಗು ಬಂದು ಕೇಳಿದರೂ ಸರಿಯಾದ ಬೆಲೆಗೇ ಮಾರುವ ವ್ಯಾಪಾರಿ ತಪ್ಪೇನೂ ಮಾಡುತ್ತಿಲ್ಲ, ಆದರೆ ಅಂಗಡಿಯ ಹೆಸರು ಉಳಿಯಲೆಂದು ಹಾಗೆ ಮಾಡಿದರೆ ಅದರಲ್ಲಿ ನೈತಿಕ ಮೌಲ್ಯ ಇಲ್ಲ. ಜಾನ್ ಸ್ಟುವರ್ಟ್ ಮಿಲ್ ಇದಕ್ಕೆ ಎದುರಾದ ನಿಲುವು ತಳೆದ. ಮುಳುಗುತ್ತಿರುವವನನ್ನು ಮೇಲೆತ್ತಿದವನು ಕರ್ತವ್ಯವೆಂದು ಎತ್ತಿರಲಿ, ಬಹುಮಾನದ ಆಸೆಯಿಂದ ಎತ್ತಿರಲಿ, ಎತ್ತಿದ್ದು ಸರಿಯಾದ ಕೆಲಸವೇ. ಉದ್ದೇಶ ಹೇಳುವುದು ಮನುಷ್ಯನ ಯೋಗ್ಯತೆಯನ್ನು, ಕೆಲಸದ ಯೋಗ್ಯತೆಯನ್ನಲ್ಲ.

ಕಾಂಟ್‌ನ ಅಳತೆಗೋಲು ಹಿಡಿದರೆ ಖ್ಯಾತನಾಮರ ಬಹುಪಾಲು ಸತ್ಕಾರ್ಯಗಳು ಅನುಮಾನಕ್ಕೆ ಒಳಗಾಗುತ್ತವೆ. ಅವರು ಮಾಡುವುದೆಲ್ಲ ಕ್ಯಾಮೆರಾದ ಮುಂದೆ, ಹೊಸ ಹಾಡು ಇಲ್ಲವೇ ಹೊಸ ಸಿನಿಮಾ ಬರುವ ಹೊತ್ತಿಗೆ. ಆದರೆ ಗುಟ್ಟಾಗಿ ಕೊಡು ಎಂಬ ಬೋಧನೆ ಹುಟ್ಟಿದ್ದು ಅನ್ನ, ಬಟ್ಟೆ, ಹಣ ಕೊಡುವ ಸಂದರ್ಭದಲ್ಲಿ. ಹಸಿದವನಿಗೆ ಕೊಟ್ಟವರು ಯಾರೆಂದು ತಿಳಿಯದಿದ್ದರೂ ಹೊಟ್ಟೆ ತುಂಬುತ್ತದೆ. ಲೈಂಗಿಕ ಅಲ್ಪಸಂಖ್ಯಾತರ ಸ್ಥಿತಿ ಬೇರೆ. ಅವರ ಮೇಲಿನ ಅನ್ಯಾಯದ ಅರ್ಧಭಾಗವೇ ಮರೆಯಲ್ಲಿ ಬದುಕಬೇಕಾದ ಒತ್ತಡ. ಸಹೋದ್ಯೋಗಿಗಳು ಸಂಸಾರದ ಮಾತೆತ್ತಿದಾಗ ಸುಮ್ಮನಾಗುವುದು, ಸಂಗಾತಿಯ ಹೆಸರು ಬದಲಿಸಿ ಹೇಳುವುದು, ಮೇಜಿನ ಮೇಲೆ ಫೋಟೊ ಇಡದಿರುವುದು ಈ ಮರೆಯ ನಿತ್ಯದ ರೂಪಗಳು. ಅಂಥವರ ಪರವಾಗಿ ಗುಟ್ಟಾಗಿ ನಿಲ್ಲುವುದೆಂದರೆ ಅದೇ ಮರೆಯನ್ನು ಇನ್ನಷ್ಟು ದಪ್ಪ ಮಾಡುವುದು. ಬಹಿರಂಗವಾಗಿ ಹೇಳುವುದೇ ಇಲ್ಲಿ ಸತ್ಕಾರ್ಯದ ತಿರುಳಾದ್ದರಿಂದ, ಪ್ರಚಾರ ಸಿಕ್ಕಿತೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಹೇಳಿದವರು ಏನು ತೆತ್ತರು ಎಂದು ಕೇಳುವುದು ಹೆಚ್ಚು ನ್ಯಾಯವಾದ ಪರೀಕ್ಷೆ. ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಅವರ ಖಾಸಗಿ ಸಂಬಂಧ 1981ರಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ, ಒಂದು ಮೊಕದ್ದಮೆಯ ಮೂಲಕ ಬಯಲಾಯಿತು. ಒಂದೇ ದಿನದೊಳಗೆ ಅವರ ಜಾಹೀರಾತು ಒಪ್ಪಂದಗಳು ಕೈತಪ್ಪಿದವು. ನಟಿ ಎಲೆನ್ ಡಿಜೆನರೆಸ್ 1997ರಲ್ಲಿ ತಾವೂ ತಮ್ಮ ಧಾರಾವಾಹಿಯ ಪಾತ್ರವೂ ಸಲಿಂಗಿ ಎಂದು ಹೇಳಿದರು. ಏಪ್ರಿಲ್ 30ರಂದು ಪ್ರಸಾರವಾದ ಆ ಕಂತನ್ನು ನಾಲ್ಕು ಕೋಟಿಗೂ ಹೆಚ್ಚು ಜನ ನೋಡಿದರು. ಮರುವರ್ಷ ಧಾರಾವಾಹಿಯೇ ನಿಂತುಹೋಯಿತು. ಅದೇ ಕಂತಿನಲ್ಲಿ ಎಲೆನ್ ಜೊತೆ ನಟಿಸಿದ್ದ ಲಾರಾ ಡರ್ನ್ ಅವರಿಗೆ ಅದಾದ ಮೇಲೆ ಸುಮಾರು ಒಂದೂವರೆ ವರ್ಷ ಕೆಲಸ ಸಿಗಲಿಲ್ಲ; ಇದನ್ನು ಅವರೇ ಹೇಳಿಕೊಂಡಿದ್ದಾರೆ. ಡರ್ನ್ ಸಲಿಂಗಿಯಲ್ಲ, ಒಂದು ಪಾತ್ರ ಮಾಡಿದ್ದರಷ್ಟೆ. ಪಕ್ಕದಲ್ಲಿ ನಿಂತವರಿಗೂ ಶಿಕ್ಷೆ ತಗಲುತ್ತದೆ ಎಂಬುದು ತಾರತಮ್ಯದ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ. ಈ ಮೂವರ ಕಾಲದಲ್ಲಿ ಮಾತಿಗೆ ಬೆಲೆಯಿತ್ತು, ಅದನ್ನು ಅವರು ತಮ್ಮ ಸಂಪಾದನೆಯಿಂದಲೇ ತೆತ್ತರು.

ಎಲೆನ್ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಅವರು ಹಗಲು ಹೊತ್ತಿನ ಟಿವಿಯ ಅತ್ಯಂತ ಪ್ರೀತಿಪಾತ್ರ ನಿರೂಪಕಿಯಾದರು, ಪ್ರತಿ ಕಾರ್ಯಕ್ರಮದಲ್ಲೂ ಕರುಣೆಯ ಮಾತಾಡಿದರು, ಕಷ್ಟದಲ್ಲಿದ್ದವರಿಗೆ ಉಡುಗೊರೆ ಹಂಚಿದರು. 2020ರಲ್ಲಿ ಆ ಕಾರ್ಯಕ್ರಮದ ಸಿಬ್ಬಂದಿಯೇ ತಮ್ಮ ಕೆಲಸದ ಜಾಗದಲ್ಲಿ ದಬ್ಬಾಳಿಕೆ, ಕಿರುಕುಳ ಇದೆ ಎಂದು ದೂರಿದರು. ಆಂತರಿಕ ತನಿಖೆ ನಡೆಯಿತು, ಮೂವರು ಹಿರಿಯ ನಿರ್ಮಾಪಕರು ಹೊರಹೋದರು, ಸೆಪ್ಟೆಂಬರ್‌ನಲ್ಲಿ ಎಲೆನ್ ಪ್ರೇಕ್ಷಕರ ಮುಂದೆ ಕ್ಷಮೆ ಕೇಳಿದರು. 1997ರ ಅವರ ಧೈರ್ಯ ಇದರಿಂದ ಸುಳ್ಳಾಗುವುದಿಲ್ಲ. ಆದರೆ ಒಬ್ಬ ವ್ಯಕ್ತಿಯ ಒಳ್ಳೆಯತನ, ಅದು ನಿಜವಾದದ್ದೇ ಆಗಿದ್ದರೂ, ಅವರ ಕೈಕೆಳಗಿನ ಕಚೇರಿಯ ನಿಯಮವಾಗಿ ತಾನೇತಾನಾಗಿ ಮಾರ್ಪಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಇಲ್ಲಿಂದ ಎರಡನೆಯ ಪ್ರಶ್ನೆಗೆ ಬರಬೇಕು. ಹನ್ನೆರಡನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ಜೋಡಿಸಿದ. ಕೊಟ್ಟವನಿಗೂ ಪಡೆದವನಿಗೂ ಪರಸ್ಪರ ಗುರುತಿಲ್ಲದ ದಾನಕ್ಕೆ ಅವನು ಕೊಟ್ಟದ್ದು ಎರಡನೆಯ ಸ್ಥಾನ ಮಾತ್ರ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಒಬ್ಬನಿಗೆ ಕೆಲಸ ಒದಗಿಸಿ ಇಲ್ಲವೇ ಅವನನ್ನು ಪಾಲುದಾರನಾಗಿ ಸೇರಿಸಿಕೊಂಡು, ಅವನು ಇನ್ನೆಂದೂ ಕೈಯೊಡ್ಡದಂತೆ ಮಾಡುವುದು. ಅದೇ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕಕ್ಕೆ ಪೂಜೆಗಿಂತ ಮಿಗಿಲಾದ ಸ್ಥಾನ ಕೊಟ್ಟರು. ಮಡಿವಾಳ, ಅಂಬಿಗ, ಮಾದಾರ, ಹಗ್ಗ ಹೊಸೆಯುವವ ತಮ್ಮ ಕಸುಬಿನ ಹೆಸರನ್ನೇ ಹೊತ್ತು ಅನುಭವ ಮಂಟಪದಲ್ಲಿ ಸಮಾನರಾಗಿ ಕುಳಿತರು. ಹೆಣ್ಣು ಗಂಡೆಂಬ ಗುರುತು ದೇಹಕ್ಕೆ ಮಾತ್ರ, ಒಳಗಿರುವ ಆತ್ಮಕ್ಕಿಲ್ಲ ಎಂಬ ವಿಚಾರ ದೇವರ ದಾಸಿಮಯ್ಯನ ವಚನದಲ್ಲಿದೆ. ಇಂದಿನ ಎಲ್‌ಜಿಬಿಟಿಕ್ಯೂ ಪ್ರಶ್ನೆ ವಚನಕಾರರ ಮುಂದಿರಲಿಲ್ಲ, ಅವರ ಬಾಯಲ್ಲಿ ಅದನ್ನು ತುರುಕುವುದು ಸಲ್ಲದು. ಆದರೂ ದುಡಿಮೆ ಎಂದರೆ ಹೊಟ್ಟೆಪಾಡಷ್ಟೇ ಅಲ್ಲ, ಸಮಾಜದಲ್ಲಿ ಮನುಷ್ಯನಾಗಿ ನಿಲ್ಲುವ ದಾರಿ ಎಂಬ ಅವರ ನಿಲುವನ್ನು ಒಪ್ಪಿದ ಮೇಲೆ, ಒಬ್ಬರನ್ನು ಅವರ ಒಲವಿನ ಕಾರಣಕ್ಕೆ ಕಾಯಕದಿಂದ ಹೊರಗಿಡುವುದನ್ನು ಸಮರ್ಥಿಸುವುದು ಕಷ್ಟ.

ಕಾಂಟ್ ತನ್ನ ಕೊನೆಗಾಲದ ಬರಹದಲ್ಲಿ ಇನ್ನೂ ಚುರುಕಾದ ಮಾತು ಹೇಳಿದ್ದಾನೆ. ಶ್ರೀಮಂತನಿಗೆ ಉಪಕಾರ ಮಾಡುವ ಶಕ್ತಿ ಬಂದಿರುವುದೇ ಬಹುಮಟ್ಟಿಗೆ ಸಮಾಜದ ಅನ್ಯಾಯದ ಏರ್ಪಾಡಿನಿಂದ. ಹಾಗಿರುವಾಗ ಅವನ ಸಹಾಯವನ್ನು ಔದಾರ್ಯವೆಂದು ಕರೆಯಬಹುದೇ ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆ ನೌಕರಿಗೂ ಅನ್ವಯಿಸುತ್ತದೆ. ಎಲ್ಲರಿಗೂ ಇರುವ ಅವಕಾಶವನ್ನು ಕೆಲವರಿಂದ ಮೊದಲು ಕಿತ್ತುಕೊಂಡು, ಆಮೇಲೆ ಒಳ್ಳೆಯ ಮಾಲೀಕನೊಬ್ಬ ಅದನ್ನು ವಾಪಸು ಕೊಟ್ಟರೆ ಅದು ಸಾಲ ತೀರಿಸಿದಂತೆಯೇ ಹೊರತು ದಾನವಲ್ಲ.

ಈ ಮಾತನ್ನು ಅಮೆರಿಕದಲ್ಲಿ ತನ್ನ ಬದುಕಿನಿಂದ ಎತ್ತಿ ಹಿಡಿದವನು ಆಗ ಯಾರಿಗೂ ಗೊತ್ತಿರದ ಒಬ್ಬ ಖಗೋಳ ವಿಜ್ಞಾನಿ. ಎರಡನೆಯ ಮಹಾಯುದ್ಧದಲ್ಲಿ ಸೈನಿಕನಾಗಿದ್ದ, ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಪಡೆದ ಫ್ರಾಂಕ್ ಕ್ಯಾಮೆನಿ 1957ರಲ್ಲಿ ಅಮೆರಿಕ ಸೇನೆಯ ನಕ್ಷೆ ವಿಭಾಗಕ್ಕೆ ಸೇರಿದರು. ಆಗ ಜಾರಿಯಲ್ಲಿದ್ದದ್ದು 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ್ದ ಆದೇಶ. ಅದರ ಬಲದಿಂದ ಸಲಿಂಗಿಗಳನ್ನು ಸರ್ಕಾರಿ ಸೇವೆಯಿಂದ ಹುಡುಕಿ ಹುಡುಕಿ ತೆಗೆಯಲಾಗುತ್ತಿತ್ತು. ಕ್ಯಾಮೆನಿ ಅವರನ್ನೂ ಅದೇ ವರ್ಷ ತೆಗೆದರು. ಖಗೋಳ ವಿಜ್ಞಾನಿಯಾಗಿ ಅವರಿಗೆ ಮತ್ತೆಂದೂ ಸರ್ಕಾರಿ ಕೆಲಸ ಸಿಗಲಿಲ್ಲ, ಹೊಟ್ಟೆಗಿಲ್ಲದ ದಿನಗಳನ್ನೂ ಕಂಡರು. ಹೀಗೆ ಕೆಲಸ ಕಳೆದುಕೊಂಡ ಸಾವಿರಾರು ಜನ ಅವಮಾನಕ್ಕೆ ಅಂಜಿ ಬಾಯಿಮುಚ್ಚಿಕೊಂಡು ಹೋದರು. ಕ್ಯಾಮೆನಿ ಹೋಗಲಿಲ್ಲ. ಸುಪ್ರೀಂ ಕೋರ್ಟಿಗೆ ತಾವೇ ಕುಳಿತು ಅರ್ಜಿ ಬರೆದರು. 1961ರಲ್ಲಿ ಕೋರ್ಟ್ ಅದನ್ನು ಕೇಳಲು ಒಪ್ಪಲಿಲ್ಲ.

1965ರ ಏಪ್ರಿಲ್ 17ರಂದು ಅವರ ಮುಂದಾಳತ್ವದಲ್ಲಿ ಹತ್ತು ಜನರ ಒಂದು ಸಣ್ಣ ಗುಂಪು ಶ್ವೇತಭವನದ ಮುಂದೆ ಫಲಕ ಹಿಡಿದು ಸುತ್ತಿತು. ಗಂಡಸರೆಲ್ಲ ಕೋಟು ಟೈ ಹಾಕಬೇಕು, ಹೆಂಗಸರು ಕಚೇರಿಗೆ ಹೋಗುವಂತೆ ಸ್ಕರ್ಟ್ ಇಲ್ಲವೇ ಡ್ರೆಸ್ ತೊಡಬೇಕು ಎಂದು ಕ್ಯಾಮೆನಿ ಕಟ್ಟುನಿಟ್ಟು ಮಾಡಿದ್ದರು. ಕೆಲಸದ ಹಕ್ಕು ಕೇಳುವವರು ಕೆಲಸಕ್ಕೆ ಬಂದವರಂತೆ ಕಾಣಬೇಕು ಎಂಬುದು ಅವರ ವಾದ. ಈ ಉಡುಪಿನ ನಿಯಮವನ್ನು ಮುಂದಿನ ತಲೆಮಾರಿನ ಹೋರಾಟಗಾರರು ಅಂಜುಬುರುಕುತನ ಎಂದು ಟೀಕಿಸಿದರು. ಆದರೆ ಆ ಹತ್ತು ಜನರಲ್ಲಿ ಯಾರ ಫೋಟೊ ಪತ್ರಿಕೆಯಲ್ಲಿ ಬಂದರೂ ಅವರ ನೌಕರಿ ಹೋಗುವ ಸಾಧ್ಯತೆಯಿತ್ತು ಎಂಬುದನ್ನು ನೆನೆದರೆ, ಆ ಕೋಟು ಟೈ ಅಂಜಿಕೆಯ ಗುರುತಲ್ಲ ಎಂದು ತಿಳಿಯುತ್ತದೆ. ಸರ್ಕಾರಿ ಸೇವಾ ಆಯೋಗ 1975ರಲ್ಲಿ ನಿಷೇಧ ಕೈಬಿಟ್ಟಿತು. 2009ರಲ್ಲಿ ಸರ್ಕಾರದ ಸಿಬ್ಬಂದಿ ಇಲಾಖೆಯ ಮುಖ್ಯಸ್ಥ ಜಾನ್ ಬೆರಿ, ಸ್ವತಃ ಸಲಿಂಗಿ, ಕ್ಯಾಮೆನಿ ಅವರಿಗೆ ಸರ್ಕಾರದ ಪರವಾಗಿ ಕ್ಷಮೆ ಕೋರಿದರು. ಎರಡು ವರ್ಷಗಳ ಬಳಿಕ ಕ್ಯಾಮೆನಿ ತೀರಿಕೊಂಡರು.

ಖಾಸಗಿ ವಲಯದ ಕಥೆ ಇನ್ನೂ ನಿಧಾನ. 1982ರಲ್ಲಿ ವಿಸ್ಕಾನ್ಸಿನ್ ಮೊದಲ ರಾಜ್ಯವಾಗಿ ಇಂಥ ತಾರತಮ್ಯವನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಉದ್ಯೋಗ ತಾರತಮ್ಯ ನಿಷೇಧ ಮಸೂದೆ, ಎಂಡಾ ಎಂದೇ ಹೆಸರಾದದ್ದು, 1994ರಲ್ಲಿ ಸಂಸತ್ತಿಗೆ ಬಂತು. 1996ರಲ್ಲಿ ಸೆನೆಟ್‌ನಲ್ಲಿ 49–50ರಿಂದ, ಒಂದೇ ಮತದ ಅಂತರದಲ್ಲಿ ಬಿತ್ತು. 2007ರಲ್ಲಿ ಕೆಳಮನೆ ಅದನ್ನು ಅಂಗೀಕರಿಸಿತು, ಆದರೆ ಮತ ಸಿಗಲೆಂದು ಲಿಂಗತ್ವ ಅಲ್ಪಸಂಖ್ಯಾತರನ್ನು ಮಸೂದೆಯಿಂದ ಬಿಟ್ಟೇಬಿಟ್ಟರು. ಹಲವರ ಹಿತಕ್ಕಾಗಿ ಕೆಲವರನ್ನು ಹಿಂದೆ ಬಿಡಬಹುದೇ ಎಂಬ ಚರ್ಚೆ ಚಳವಳಿಯನ್ನೇ ಸೀಳಿತು. ಬಿಟ್ಟದ್ದು ತಪ್ಪು, ಕೆಲಸ ಸಿಗದೆ ಹೆಚ್ಚು ನರಳುತ್ತಿದ್ದವರನ್ನೇ ಬಿಟ್ಟು ಗಳಿಸುವ ರಾಜಿಗೆ ನ್ಯಾಯದ ಹೆಸರು ಒಪ್ಪುವುದಿಲ್ಲ. ಆ ಮಸೂದೆ ಸೆನೆಟ್ ದಾಟಲೂ ಇಲ್ಲ.

2013ರ ನವೆಂಬರ್‌ನಲ್ಲಿ ಆ್ಯಪಲ್ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ವಾಲ್‌ ಸ್ಟ್ರೀಟ್ ಜರ್ನಲ್‌ನಲ್ಲಿ ಈ ಮಸೂದೆಯ ಪರ ಲೇಖನ ಬರೆದರು. ಕೆಲವೇ ದಿನಗಳಲ್ಲಿ ಸೆನೆಟ್ 64–32ರಿಂದ ಅದನ್ನು, ಈ ಸಲ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿ, ಅಂಗೀಕರಿಸಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ಕುಕ್ ತಾವು ಸಲಿಂಗಿ ಎಂದು ಬಹಿರಂಗವಾಗಿ ಬರೆದರು. ಅದು ಸಣ್ಣ ಸಂಗತಿಯಲ್ಲ: ಅಷ್ಟು ದೊಡ್ಡ ಕಂಪನಿಯ ಮುಖ್ಯಸ್ಥರೊಬ್ಬರು ಅಧಿಕಾರದಲ್ಲಿರುವಾಗಲೇ ಹಾಗೆ ಹೇಳಿದ್ದು ಅದೇ ಮೊದಲು. 2019ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಟೆನೆಸೀ ರಾಜ್ಯದ ಹೋರಾಟ ಸಂಘಟನೆಯೊಂದಕ್ಕೆ 1,13,000 ಡಾಲರ್ ಕೊಟ್ಟರು, ಇನ್ನೂ ವಿಶಾಲವಾದ ಸಮಾನತಾ ಮಸೂದೆಯ ಪರ ಐದು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. ಆ ಮಸೂದೆಯೂ ಸೆನೆಟ್‌ನಲ್ಲಿ ಉಳಿದುಹೋಯಿತು.

ನಾರ್ತ್ ಕ್ಯಾರೊಲಿನಾದಲ್ಲಿ 2016ರ ಮಾರ್ಚ್‌ನಲ್ಲಿ ಬಂದ ಎಚ್‌ಬಿ 2 ಎಂಬ ಕಾನೂನು ಖ್ಯಾತನಾಮರ ಶಕ್ತಿಯನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸಿತು. ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಗ್ರೀನ್ಸ್‌ಬರೊ ಊರಿನ ಕಾರ್ಯಕ್ರಮವನ್ನು ಎರಡು ದಿನ ಮೊದಲು ರದ್ದು ಮಾಡಿದರು. ಗಾಯಕಿ ಸಿಂಡಿ ಲಾಪರ್ ರದ್ದು ಮಾಡದೆ ರಾಲಿಯಲ್ಲಿ ಹಾಡಿ, ಲಾಭವನ್ನು ರಾಜ್ಯದ ಸಮಾನತಾ ಸಂಘಟನೆಗೆ ಕೊಡುವುದಾಗಿ ಘೋಷಿಸಿದರು. ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಎನ್‌ಬಿಎ ತನ್ನ 2017ರ ಆಲ್‌ಸ್ಟಾರ್ ಪಂದ್ಯವನ್ನು ಷಾರ್ಲಟ್‌ನಿಂದ ನ್ಯೂ ಆರ್ಲಿಯನ್ಸ್‌ಗೆ ಸಾಗಿಸಿತು. ಹನ್ನೆರಡು ವರ್ಷಗಳಲ್ಲಿ ರಾಜ್ಯಕ್ಕೆ 376 ಕೋಟಿ ಡಾಲರ್ ನಷ್ಟವಾಗಲಿದೆ ಎಂದು ಅಸೋಸಿಯೇಟೆಡ್ ಪ್ರೆಸ್ ಲೆಕ್ಕ ಹಾಕಿತು. ಎಲ್ಲರ ಕಣ್ಣೂ ಆ ಕಾನೂನಿನ ಶೌಚಾಲಯದ ಕಲಮಿನ ಮೇಲಿತ್ತು, ಅಂದರೆ ಲಿಂಗತ್ವ ಅಲ್ಪಸಂಖ್ಯಾತರು ಯಾವ ಶೌಚಾಲಯ ಬಳಸಬೇಕೆಂದು ಕಟ್ಟುಪಾಡು ಹಾಕಿದ ಕಲಮಿನ ಮೇಲೆ. ಸ್ಥಳೀಯ ಸಂಸ್ಥೆಗಳು ತಾರತಮ್ಯ ವಿರೋಧಿ ನಿಯಮ ಮಾಡದಂತೆ ಕೈಕಟ್ಟಿದ ಇನ್ನೊಂದು ಕಲಮು ಅದರಲ್ಲೇ ಇತ್ತು. ನೌಕರರಿಗೆ ಹೆಚ್ಚು ಪೆಟ್ಟು ಬೀಳುತ್ತಿದ್ದದ್ದು ಅದರಿಂದ. 2017ರ ಮಾರ್ಚ್‌ನಲ್ಲಿ ಎಚ್‌ಬಿ 2 ರದ್ದಾಗಿ ಬದಲಿ ಕಾನೂನು ಬಂದಾಗ ಶೌಚಾಲಯದ ಕಲಮು ಹೋಯಿತು, ಆದರೆ ಸ್ಥಳೀಯ ಸಂಸ್ಥೆಗಳ ಮೇಲಿನ ನಿರ್ಬಂಧ 2020ರ ಡಿಸೆಂಬರ್‌ವರೆಗೆ ಉಳಿಯಿತು. ಬಹಿಷ್ಕಾರ ಸದ್ದು ಮಾಡಿದ ಕಡೆ ಗೆದ್ದಿತು, ಸದ್ದಿಲ್ಲದ ಕಡೆ ಅರ್ಧಕ್ಕೇ ನಿಂತಿತು.

ಇಡೀ ದೇಶಕ್ಕೆ ಅನ್ವಯಿಸುವ ಹಕ್ಕು ಬಂದದ್ದು ಮೂವರು ಸಾಮಾನ್ಯ ನೌಕರರ ಮೊಕದ್ದಮೆಗಳಿಂದ. ಜಾರ್ಜಿಯಾದ ಕ್ಲೇಟನ್ ಕೌಂಟಿಯಲ್ಲಿ ಮಕ್ಕಳ ರಕ್ಷಣಾ ಸೇವೆಯನ್ನು ನೋಡಿಕೊಳ್ಳುತ್ತಿದ್ದ ಜೆರಾಲ್ಡ್ ಬಾಸ್ಟಾಕ್, ಸಲಿಂಗಿಗಳ ಸಾಫ್ಟ್‌ಬಾಲ್ ತಂಡ ಸೇರಿದ ಸ್ವಲ್ಪ ದಿನಕ್ಕೇ 2013ರಲ್ಲಿ ಕೆಲಸ ಕಳೆದುಕೊಂಡರು. ನ್ಯೂಯಾರ್ಕ್‌ನ ಸ್ಕೈಡೈವಿಂಗ್ ತರಬೇತುದಾರ ಡೊನಾಲ್ಡ್ ಜಾರ್ಡಾ 2010ರಲ್ಲಿ ಕೆಲಸ ಕಳೆದುಕೊಂಡಿದ್ದರು. ಮಿಷಿಗನ್‌ನ ಅಂತ್ಯಸಂಸ್ಕಾರ ಸಂಸ್ಥೆಯೊಂದರಲ್ಲಿ ಸುಮಾರು ಆರು ವರ್ಷ ದುಡಿದಿದ್ದ ಏಮಿ ಸ್ಟೀಫನ್ಸ್, ತಾವು ಹೆಣ್ಣೆಂದೂ ರಜೆ ಮುಗಿಸಿ ಹೆಣ್ಣುಡುಗೆಯಲ್ಲೇ ಕೆಲಸಕ್ಕೆ ಬರುವುದಾಗಿಯೂ 2013ರಲ್ಲಿ ಪತ್ರ ಬರೆದು ಮಾಲೀಕರ ಕೈಗೆ ಕೊಟ್ಟರು. ಎರಡು ವಾರದೊಳಗೆ ಅವರನ್ನು ತೆಗೆದರು. ಕೋರ್ಟಿನಲ್ಲಿ ಇವರ ಪರವಾಗಿ ಇನ್ನೂರಕ್ಕೂ ಹೆಚ್ಚು ಕಂಪನಿಗಳು ಅಭಿಪ್ರಾಯ ಸಲ್ಲಿಸಿದವು. ತಾರೆಯರ ಘೋಷಣೆಗಳಿಗಿಂತ ಈ ಕಾಗದದ ಕೆಲಸ ಹೆಚ್ಚು ಉಪಯೋಗಕ್ಕೆ ಬಂದ ಸತ್ಕಾರ್ಯ ಎನ್ನಬೇಕು.

2020ರ ಜೂನ್ 15ರಂದು ಸುಪ್ರೀಂ ಕೋರ್ಟ್ 6–3ರ ತೀರ್ಪಿತ್ತಿತು. ಬರೆದವರು ಸಂಪ್ರದಾಯವಾದಿ ಎಂದೇ ಹೆಸರಾದ ನ್ಯಾಯಮೂರ್ತಿ ನೀಲ್ ಗೊರ್ಸಚ್. ತರ್ಕ ಸರಳ. ಗಂಡಸರ ಮೇಲೆ ಒಲವಿರುವ ಇಬ್ಬರು ನೌಕರರಲ್ಲಿ ಒಬ್ಬಳು ಹೆಣ್ಣು, ಒಬ್ಬ ಗಂಡು. ಗಂಡನ್ನು ಮಾತ್ರ ತೆಗೆದರೆ ತೆಗೆದದ್ದು ಅವನ ಲಿಂಗದ ಕಾರಣಕ್ಕೇ. ಲಿಂಗದ ಆಧಾರದ ತಾರತಮ್ಯವನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ, 15 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಆಗಲೇ ನಿಷೇಧಿಸಿತ್ತು. ಜಾರ್ಡಾ 2014ರಲ್ಲೇ ತೀರಿಕೊಂಡಿದ್ದರು. ಮೂತ್ರಪಿಂಡದ ಕಾಯಿಲೆಯಿಂದ ನರಳುತ್ತಿದ್ದ ಸ್ಟೀಫನ್ಸ್ ತೀರ್ಪಿಗೆ ಒಂದು ತಿಂಗಳು ಮೊದಲು, ಮೇ 12ರಂದು ತೀರಿಕೊಂಡರು.

ಹಕ್ಕಿಗೂ ಕೃಪೆಗೂ ಇರುವ ಅಂತರವನ್ನು ಮುಂದಿನ ವರ್ಷಗಳು ಸ್ಪಷ್ಟಪಡಿಸಿದವು. ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ಲೈಂಗಿಕ ಅಲ್ಪಸಂಖ್ಯಾತರಿಗೆ ತಾರತಮ್ಯ ಮಾಡಬಾರದೆಂದು ಅಧ್ಯಕ್ಷ ಒಬಾಮ 2014ರಲ್ಲಿ ಆದೇಶ ಹೊರಡಿಸಿದ್ದರು. ಆ ರಕ್ಷಣೆ ನಿಂತಿದ್ದ ಮೂಲ ಆದೇಶವನ್ನೇ 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹಿಂತೆಗೆದರು. ಒಂದು ಸಹಿಯಿಂದ ಬಂದದ್ದು ಇನ್ನೊಂದು ಸಹಿಯಿಂದ ಹೋಯಿತು. ಬಾಸ್ಟಾಕ್ ಹೆಸರಿನ 2020ರ ತೀರ್ಪನ್ನು ಹಾಗೆ ಸಹಿ ಹಾಕಿ ಅಳಿಸಲು ಬರುವುದಿಲ್ಲ.

ತೀರ್ಪು ಬಗೆಹರಿಸದೆ ಬಿಟ್ಟದ್ದು ಧರ್ಮದ ಪ್ರಶ್ನೆ. ಸ್ಟೀಫನ್ಸ್ ಅವರ ಮಾಲೀಕರು ತಮ್ಮ ಕ್ರೈಸ್ತ ನಂಬಿಕೆಯನ್ನು ಮುಂದಿಟ್ಟಿದ್ದರು. ಕೆಳಗಿನ ಕೋರ್ಟೊಂದು ಆ ವಾದ ಒಪ್ಪಿತ್ತು, ಮೇಲ್ಮನವಿ ಕೋರ್ಟ್ ತಳ್ಳಿಹಾಕಿತು, ಸುಪ್ರೀಂ ಕೋರ್ಟ್ ಅದನ್ನು ಮುಂದಿನ ಪ್ರಕರಣಗಳಿಗೆ ಬಿಟ್ಟಿತು. ಚರ್ಚು ತನ್ನ ಪಾದ್ರಿಯನ್ನು ತಾನೇ ಆರಿಸಿಕೊಳ್ಳಬಹುದು ಎಂಬುದನ್ನು ಅಮೆರಿಕದ ಕಾನೂನು ಒಪ್ಪುತ್ತದೆ, ಅದು ನ್ಯಾಯವೂ ಹೌದು. ಯಾರು ಪೂಜೆ ಮಾಡಬೇಕೆಂದು ಸರ್ಕಾರ ಹೇಳಲಾಗದು. ಆದರೆ ನಂಬಿಕೆಯುಳ್ಳ ವ್ಯಾಪಾರಿಯ ಅಂಗಡಿ ದೇವಾಲಯವಲ್ಲ. ಯೂಟಾ ರಾಜ್ಯ 2015ರಲ್ಲಿ ಈ ಗೆರೆಯನ್ನು ಸಮಾಧಾನದಿಂದ ಎಳೆಯಿತು. ಸಲಿಂಗ ವಿವಾಹವನ್ನು ಒಪ್ಪದ ಮಾರ್ಮನ್ ಚರ್ಚು ತಾನೇ ಬೆಂಬಲಿಸಿದ ಕಾನೂನು ಅದು: ಉದ್ಯೋಗ ಮತ್ತು ವಸತಿಯಲ್ಲಿ ತಾರತಮ್ಯ ನಿಷಿದ್ಧ, ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ. ಒಪ್ಪದವರ ಜೊತೆಗೂ ದುಡಿಯಬಹುದು, ಒಪ್ಪದವರಿಗೂ ಕೂಲಿ ಸಲ್ಲಬೇಕು ಎಂದು ಒಂದು ಶ್ರದ್ಧಾವಂತ ಸಮುದಾಯ ತೀರ್ಮಾನಿಸಿದ್ದು ಯಾವ ತಾರೆಯ ಹಾಡಿಗಿಂತಲೂ ದೊಡ್ಡ ಹೆಜ್ಜೆ. ಆ ವಿನಾಯಿತಿಗಳು ಅಗಲವಾಗಿವೆ ಎಂಬ ಆಕ್ಷೇಪದಲ್ಲೂ ಹುರುಳಿದೆ.

ಈ ಹಕ್ಕಿಗೆ ಗಡಿಯುಂಟು. ಕ್ಯಾಲಿಫೋರ್ನಿಯಾದಲ್ಲಿ ದುಡಿಯುವ ಕನ್ನಡಿಗ ಇಂಜಿನಿಯರ್ ಆ ದೇಶದ ಪ್ರಜೆಯಲ್ಲದಿದ್ದರೂ ಅಮೆರಿಕದ ಕಾಯ್ದೆ ಅವರನ್ನು ಕಾಯುತ್ತದೆ. ಅದೇ ಕಂಪನಿಯ ಬೆಂಗಳೂರು ಕಚೇರಿಯಲ್ಲಿರುವ ಭಾರತೀಯ ಪ್ರಜೆಗೆ ಆ ರಕ್ಷಣೆ ಇಲ್ಲ, ಕಂಪನಿಯ ನೀತಿಪುಸ್ತಕವೇ ಆಸರೆ. ಭಾರತದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿತು, 2018ರ ಸೆಪ್ಟೆಂಬರ್ 6ರ ತೀರ್ಪು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಕೊಚ್ಚಿ ಮೆಟ್ರೊ 2017ರಲ್ಲಿ 23 ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ಕರೆದು ದೇಶದ ಗಮನ ಸೆಳೆಯಿತು. ಊರಿನಲ್ಲಿ ಬಾಡಿಗೆ ಮನೆ ಸಿಗದೆ ಅವರಲ್ಲಿ ಹಲವರು ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟರು. ಕರ್ನಾಟಕದಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪರ ಕೆಲಸ ಮಾಡುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ, 2021ರಲ್ಲಿ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ವರ್ಗಗಳೊಳಗೂ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1ರ ಮೀಸಲಾತಿ ಬಂತು, ದೇಶದಲ್ಲೇ ಮೊದಲು. ಅದೇ ವರ್ಷ ನವೆಂಬರ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜೋಗತಿ ನೃತ್ಯ ಕಲಾವಿದೆ, ಕರ್ನಾಟಕ ಜಾನಪದ ಅಕಾಡೆಮಿಯ ಅಂದಿನ ಅಧ್ಯಕ್ಷೆ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವ ಮೊದಲು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ನಾಡಿನ ಜನ ಅದನ್ನು ಅಕ್ಕರೆಯಿಂದ ನೋಡಿದರು. ಅವರ ಖ್ಯಾತಿ ಯಾರೋ ಕೊಟ್ಟ ಕಾಣಿಕೆಯಲ್ಲ, ಕಾಯಕದಿಂದ ಬಂದದ್ದು.

ಆದರೂ 2019ರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣಾ ಕಾಯ್ದೆಯ ಒಂಬತ್ತನೆಯ ಕಲಮು ಯಾವ ಸಂಸ್ಥೆಯೂ ಉದ್ಯೋಗದಲ್ಲಿ ತಾರತಮ್ಯ ಮಾಡಕೂಡದು ಎಂದು ಹೇಳಿದರೂ, ಮಾಡಿದವರಿಗೆ ಕಾಯ್ದೆಯ ಶಿಕ್ಷೆಯ ಕಲಮಿನಲ್ಲಿ ಯಾವ ದಂಡನೆಯನ್ನೂ ಇಡಲಿಲ್ಲ. ಖಾಸಗಿ ನೌಕರಿಯಲ್ಲಿರುವ ಸಲಿಂಗಿ ಮತ್ತು ದ್ವಿಲಿಂಗಿ ಒಲವಿನವರಿಗಂತೂ ಅಷ್ಟು ಮಾತ್ರದ ಕಾನೂನನ್ನೂ ಸಂಸತ್ತು ಮಾಡಿಕೊಟ್ಟಿಲ್ಲ. ಜೂನ್ ತಿಂಗಳಲ್ಲಿ ಕಾಮನಬಿಲ್ಲಿನ ಬಣ್ಣ ಹಂಚಿಕೊಳ್ಳುವ ನಟರೂ ಉದ್ಯಮಿಗಳೂ ತಮ್ಮ ಹೆಸರಿನ ಬಲವನ್ನು ಮೊದಲು ಖರ್ಚು ಮಾಡಬೇಕಾದದ್ದು ಆ ಕಾನೂನು ಕೇಳುವುದಕ್ಕೆ.